ಪಾದದ ತಪ್ಪನ್ನು ವಯಸ್ಸಿನ ತಲೆಗೆ ಕಟ್ಟಬೇಡಿ

ಕ್ಯಾಲಿಫೋರ್ನಿಯಾದಿಂದ ಓದುಗರೊಬ್ಬರು ಬರೆದಿದ್ದಾರೆ: "ಬೇಸ್‌ಬಾಲ್ ಆಟಗಾರ ಆಲ್ಬರ್ಟ್ ಪುಹೋಲ್ಸ್ ಅವರ ಕುಸಿತಕ್ಕೆ ಗಾಯವೇ ಕಾರಣ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವರು ಏಂಜಲ್ಸ್ ತಂಡ ಸೇರಿದಾಗಿನಿಂದ ಮೈದಾನದಲ್ಲೇ ಕುಳಿತು ನೋಡಿದವನು ನಾನು. ಅದು ವಯಸ್ಸು, ಅಷ್ಟೇ. ನನಗೂ ನಲವತ್ತೆಂಟಾಯಿತು. ಭುಜ ಏಳದೆ ಭಾನುವಾರದ ಕ್ರಿಕೆಟ್ ಬಿಟ್ಟೆ."

ಕಣ್ಣಾರೆ ಕಂಡವರ ಮಾತಿಗೆ ತೂಕವಿದೆ. ಮೂವತ್ತು ದಾಟಿದ ಮೇಲೆ ಚುರುಕು ತಗ್ಗುತ್ತದೆ, ಒಪ್ಪಿದೆ. ಏಂಜಲ್ಸ್ ಸೇರುವ ಮೊದಲು ಕಾರ್ಡಿನಲ್ಸ್ ತಂಡದ ಹನ್ನೊಂದು ವರ್ಷಗಳಲ್ಲಿ 445 ಹೋಮ್ ರನ್ (ಅಂಗಳದಾಚೆ ಹೋಗುವ ಹೊಡೆತ, ನಮ್ಮ ಸಿಕ್ಸರ್ ಇದ್ದಂತೆ), .328ರ ಸರಾಸರಿ, ಅಂದರೆ ಸಾವಿರ ಸರದಿಗೆ 328 ಯಶಸ್ವಿ ಹೊಡೆತ. ಕೊನೆಯ ವರ್ಷ, 2011ರಲ್ಲೇ, ಸರಾಸರಿ .299ಕ್ಕೆ ಇಳಿದಿತ್ತು. ಇಷ್ಟು ನಿಮ್ಮ ಪಾಲಿಗೆ.

ಆದರೆ ಅವರ ಪಾದಗಳನ್ನು ನೋಡಿದಿರಾ? ಹೊಡೆತದ ಬಲ ನೆಲದಿಂದ ಏಳುತ್ತದೆ. ಪುಹೋಲ್ಸ್ ಅವರಂಥ ಬಲಗೈ ಹೊಡೆತಗಾರ ಬಲಗಾಲಿನಿಂದ ನೆಲವನ್ನು ಒತ್ತಿ ಸೊಂಟ ತಿರುಗಿಸಿದಾಗ, ಮುಂದಿಟ್ಟ ಎಡಗಾಲು ಗೂಟದಂತೆ ನಿಂತು ಆ ವೇಗವನ್ನು ಬ್ಯಾಟಿಗೆ ದಾಟಿಸಬೇಕು. 2013ರ ಜುಲೈನಲ್ಲಿ ಹರಿದದ್ದು ಆ ಎಡ ಪಾದದಡಿಯ ತಂತುಪಟ್ಟಿ. 99 ಪಂದ್ಯಗಳಿಗೇ ಅವರ ವರ್ಷ ಮುಗಿಯಿತು. ಪಾದ ಸುಧಾರಿಸಿಕೊಂಡ ಮೇಲೆ, 2015ರಲ್ಲಿ, 35ರ ಹರೆಯದಲ್ಲಿ 40 ಹೋಮ್ ರನ್! ಆ ಚಳಿಗಾಲ ಬಲ ಪಾದಕ್ಕೆ ಶಸ್ತ್ರಚಿಕಿತ್ಸೆ, ಮರುವರ್ಷ ಅದೇ ಪಾದಕ್ಕೆ ಇನ್ನೊಂದು. 2017ರಲ್ಲಿ ಸರಾಸರಿ .241. ಒಂದು ಕಾಲು ಗೂಟವಾಗಿ ನಿಲ್ಲದು, ಇನ್ನೊಂದು ನೆಲ ಒತ್ತದು. ಆತ ಹೊಡೆಯುವುದಾದರೂ ಹೇಗೆ?

ಪಾದದಡಿಯ ಆ ನೋವನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಬೆಳಿಗ್ಗೆ ಮಂಚದಿಂದಿಳಿದ ನಮ್ಮ ತಾಯಿ ಗೋಡೆಗೆ ಅಂಗೈ ಒತ್ತಿ, ಉಸಿರು ಬಿಗಿಹಿಡಿದು, ಹಿಮ್ಮಡಿ ಊರದೆ ಬೆರಳುಗಳ ಮೇಲೆಯೇ ಬಚ್ಚಲಿನವರೆಗೆ ಹೋಗುತ್ತಿದ್ದರು. ವೈದ್ಯರೊಬ್ಬರು ಕುರ್ಚಿಯಿಂದ ಏಳದೆಯೇ "ವಯಸ್ಸಾಯಿತಲ್ಲಮ್ಮ" ಎಂದು ಕಳುಹಿಸಿದರು. ಎರಡು ವರ್ಷ ಹಾಗೆಯೇ ನರಳಿದರು. ಇನ್ನೊಬ್ಬರು ನೆಲದ ಮೇಲೆ ಕುಳಿತು, ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಮೀನಖಂಡ ಎಳೆಯುವ ವ್ಯಾಯಾಮ, ಪಾದದಡಿ ಉರುಳಿಸಲು ನೀರಿನ ಬಾಟಲಿ, ಇಷ್ಟೇ ಔಷಧ. ಏಳೆಂಟು ತಿಂಗಳಲ್ಲಿ ಅಮ್ಮ ಮತ್ತೆ ತುಳಸಿಕಟ್ಟೆ ಸುತ್ತತೊಡಗಿದರು.

ನನಗೆ ಸಿಟ್ಟು ಬರುವುದು ಇಲ್ಲೇ. ಮಂಡಿ ನೋವು, ಮಂದವಾದ ಕಿವಿ, ಮರೆವು, ಬಾರದ ನಿದ್ದೆ, ಎಲ್ಲಕ್ಕೂ ವಯಸ್ಸು ಎಂಬ ಒಂದೇ ಚೀಟಿ ಅಂಟಿಸುತ್ತೇವೆ. ಅಲ್ಲಿಗೆ ವೈದ್ಯರೂ ನಿರಾಳ, ಮಕ್ಕಳೂ ನಿರಾಳ. ನೋವು ತಿನ್ನುವವರು ಮಾತ್ರ ಮೂಲೆಯಲ್ಲಿ ಕುಳಿತು, ತಮ್ಮದೇ ತಪ್ಪೇನೋ ಎಂಬಂತೆ ಸುಮ್ಮನಾಗುತ್ತಾರೆ. ಎಷ್ಟು ಮನೆಗಳಲ್ಲಿ ಹೀಗಾಗುತ್ತಿದೆ!

2021ರ ಮೇ ತಿಂಗಳಲ್ಲಿ ಏಂಜಲ್ಸ್ ಪುಹೋಲ್ಸ್ ಅವರನ್ನು ಕೈಬಿಟ್ಟಿತು. ಮರುವರ್ಷ ಅವರು ಕಾರ್ಡಿನಲ್ಸ್‌ಗೆ ಮರಳಿದರು. ಫೀಲ್ಡಿಂಗಿನ ಹೊರೆಯಿಲ್ಲದೆ ಬ್ಯಾಟಿಂಗಿಗಷ್ಟೇ ಇಳಿಯುವ ಅವಕಾಶ ಕಾರ್ಡಿನಲ್ಸ್ ಆಡುವ ಲೀಗಿನಲ್ಲಿ ಕಾಯಂ ಆದದ್ದು ಆ ವರ್ಷವೇ. ಪಾದಗಳಿಗೆ ಬಿಡುವು ಸಿಕ್ಕಿತು. 42ನೇ ವಯಸ್ಸಿನಲ್ಲಿ 24 ಹೋಮ್ ರನ್ ಬಂದವು. ಸೆಪ್ಟೆಂಬರ್ 23ರ ರಾತ್ರಿ ಲಾಸ್ ಏಂಜಲಿಸ್‌ನಲ್ಲಿ, ನಿಮ್ಮ ರಾಜ್ಯದಲ್ಲೇ, ಎರಡು ಬಾರಿಸಿ ವೃತ್ತಿಜೀವನದ 700ನೇ ಹೋಮ್ ರನ್ ಮುಟ್ಟಿದರು. ಎಲ್ಲವೂ ವಯಸ್ಸಿನದೇ ದೋಷವಾಗಿದ್ದರೆ ಆ ವರ್ಷ ಎಲ್ಲಿಂದ ಬಂತು, ಹೇಳಿ.

ಇನ್ನು ನಿಮ್ಮ ಭುಜ. ಅದನ್ನು ಯಾರಾದರೂ ಮುಟ್ಟಿ ನೋಡಿದ್ದಾರೆಯೇ? ಪತ್ರದಲ್ಲಿ ಆ ಮಾತೇ ಇಲ್ಲ. ಈ ವಾರವೇ ತೋರಿಸಿ, ಏನೆಂದರು ಎಂದು ನನಗೆ ಬರೆಯಿರಿ.

— ಸಂಪಾದಕ