ಚೆಕ್ ಇಂಜಿನ್ ಲೈಟ್ ಬಂದರೆ ಎರಡೂ ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕಾ?

ಅಣ್ಣಿಗೇರಿಯಿಂದ ದಿನಾ ಹುಬ್ಬಳ್ಳಿಗೆ ಓಡಾಡುವ ಪೆಟ್ರೋಲ್ ಕಾರು, ಮಳೆ ಶುರುವಾದ ಮೇಲೆ ಚೆಕ್ ಇಂಜಿನ್ ಲೈಟ್ ಬಂತು, ಸ್ಕ್ಯಾನರ್ ಪಿ0141 ಅನ್ನುವ ಕೋಡ್ ತೋರಿಸಿತು, ಗ್ಯಾರೇಜಿನವರು ಎರಡೂ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅಳೆಯುವ ಸೆನ್ಸರ್) ಹೊಸದು ಹಾಕಿಸಿ ಅಂದರು ಅಂತ ಬರೆದಿದ್ದೀರಿ. ಈಗಲೇ ಹಾಕಿಸಬೇಡಿ. ನಾನು ಗೋಕುಲ ರೋಡ್ ಕಡೆ ಒಂದು ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಸುಮ್ನೆ ದುಡ್ಡು ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಪಿ0141 ಅಂದರೆ ಎರಡನೇ ಸೆನ್ಸರ್‌ನ ಹೀಟರ್ ಸರ್ಕ್ಯೂಟ್‌ನಲ್ಲಿ ತೊಂದರೆ ಇದೆ ಅಂತ, ಅಷ್ಟೇ. ಈ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗುವ ತನಕ ಸರಿಯಾಗಿ ಓದುವುದಿಲ್ಲ. ಬೇಗ ಬಿಸಿಯಾಗಲಿ ಅಂತಲೇ ಒಳಗೊಂದು ಸಣ್ಣ ಹೀಟರ್ ಇಟ್ಟಿರುತ್ತಾರೆ. ಫ್ಯೂಸ್ ಹೋದರೂ, ವೈರ್ ಕಡಿದರೂ, ಕನೆಕ್ಟರ್ ಕೆಟ್ಟರೂ ಇದೇ ಕೋಡ್ ಬರುತ್ತದೆ. ಮೊದಲನೇ ಸೆನ್ಸರ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಮೊದಲು ಫ್ಯೂಸ್ ನೋಡಿ. ಆಮೇಲೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿ. ಮೊದಲನೇ ಸೆನ್ಸರ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ, ಎರಡನೇದು ಅದನ್ನು ದಾಟಿದ ಮೇಲೆ ಇರುತ್ತದೆ, ಬಹಳ ಗಾಡಿಗಳಲ್ಲಿ ಕೆಳಗಡೆಯೇ. ನಿಮ್ಮದು ಎರೆ ಮಣ್ಣಿನ ಸೀಮೆ ಅಲ್ವಾ? ಆ ರಾಡಿ ಒಮ್ಮೆ ಮೆತ್ತಿಕೊಂಡರೆ ಬಿಡುವುದಿಲ್ಲ. ನವಲಗುಂದ ಕಡೆಯ ಒಂದು ಗಾಡಿಯಲ್ಲಿ ಕನೆಕ್ಟರ್ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಒಣಗಿದ ಮಣ್ಣು ಕೆರೆದು ಬಿಚ್ಚಿದರೆ ಒಳಗೆ ನೀರಿನ ಪಸೆ, ಒಂದು ಪಿನ್ ಮೇಲೆ ಹಸಿರು ಕಿಲುಬು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಸೀಲ್ ಸರಿಯಾಗಿ ಕೂರಿಸಿ, ಕೋಡ್ ಅಳಿಸಿದೆವು. ಮತ್ತೆ ಬರಲಿಲ್ಲ. ವೈರ್ ಸೈಲೆನ್ಸರ್ ಪೈಪಿಗೆ ತಾಗಿ ಕರಗಿದೆಯಾ ಅಂತಲೂ ಬೆರಳಾಡಿಸಿ ನೋಡಿ.

ಅಲ್ಲೂ ಸರಿ ಇದ್ದರೆ ಮಲ್ಟಿಮೀಟರ್ ಹಿಡಿಯಿರಿ. ನಾಲ್ಕು ವೈರಿನ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ಎರಡು ವೈರ್ ಹೀಟರಿನವು. ತಣ್ಣಗಿದ್ದಾಗ ಅವುಗಳ ನಡುವೆ ಕೆಲವೇ ಓಮ್ ತೋರಿಸಬೇಕು. ಮೀಟರ್ ಏನೂ ತೋರಿಸದೆ ಓಪನ್ ಅಂದರೆ ಹೀಟರ್ ಸುಟ್ಟಿದೆ, ಆಗ ಆ ಒಂದನ್ನು ಬದಲಿಸಿ. ನಿಮ್ಮ ಗಾಡಿಗೆ ನೇರವಾಗಿ ಕೂರುವ ಕನೆಕ್ಟರ್ ಇರುವುದನ್ನೇ ತರಿಸಿ, ವೈರ್ ಕತ್ತರಿಸಿ ಜೋಡಿಸುವುದು ಬೇಡ. ಹಳೆಯದು ಬಿಚ್ಚಲು ಸೀಳು ಇರುವ 22 ಎಂಎಂ ಸಾಕೆಟ್ ಬೇಕು. ಹೊಸದರ ತುದಿಗೆ ಗ್ರೀಸ್, ಎಣ್ಣೆ ಏನೂ ತಾಗಬಾರದು.

ಮೈಲೇಜ್ ಬಿದ್ದಿದೆ ಅಂತಲೂ ಹೇಳಿದ್ದೀರಿ. ಎರಡನೇ ಸೆನ್ಸರ್‌ನ ಮುಖ್ಯ ಕೆಲಸ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ನೋಡುವುದು, ಹಾಗಾಗಿ ಅದರ ಮೇಲೆ ನನಗೆ ಅನುಮಾನ ಕಡಿಮೆ. ಟೈರ್ ಗಾಳಿ, ಏರ್ ಫಿಲ್ಟರ್ ನೋಡಿ. ಮೊದಲನೇ ಸೆನ್ಸರ್‌ನ ಲೈವ್ ರೀಡಿಂಗ್ ತೆಗೆಸಿ. ಮಾಮೂಲಿ ಜಿರ್ಕೋನಿಯಾ ಸೆನ್ಸರ್ ಆಗಿದ್ದರೆ, ಇಂಜಿನ್ ಬಿಸಿಯಾದ ಮೇಲೆ ಅದು 0.1ರಿಂದ 0.9 ವೋಲ್ಟ್ ನಡುವೆ ಬೇಗ ಬೇಗ ಏರಿಳಿಯಬೇಕು. ಹಾಗೆ ಆಡುತ್ತಿದ್ದರೆ ಅದನ್ನು ಮುಟ್ಟಬೇಡಿ. ಕೆಳಗೇ ನಿಂತುಬಿಟ್ಟಿದ್ದರೂ ತಕ್ಷಣ ಬದಲಿಸಬೇಡಿ, ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಎಲ್ಲಾದರೂ ಲೀಕ್ ಇದೆಯಾ ನೋಡಿಸಿ. ಹೊರಗಿನ ಗಾಳಿ ಒಳಗೆ ಸೇರಿದರೂ ರೀಡಿಂಗ್ ಹಾಗೇ ಬರುತ್ತದೆ.