ಕ್ಯಾಂಪರ್ ವ್ಯಾನಿಗೆ ಯಾವ ಸೈಜಿನ ವೈರು, ಎಷ್ಟು ಆಂಪಿಯರ್ ಫ್ಯೂಸ್ ಹಾಕಬೇಕು?

ನಿಮ್ಮ ಹತ್ತಿರ ಇರೋದು 12 ವೋಲ್ಟಿನ 200 ಎಎಚ್ ಲಿಥಿಯಂ ಬ್ಯಾಟರಿ, 1000 ವ್ಯಾಟ್ ಇನ್ವರ್ಟರ್, ಒಂದು ಚಿಕ್ಕ ಫ್ರಿಜ್ಜು. ಮನೆ ಕಟ್ಟಿಸುವಾಗ ಉಳಿದ 2.5 ಸ್ಕ್ವೇರ್ ಎಂಎಂ ವೈರು ಇದಕ್ಕೆಲ್ಲ ಸಾಕಾ ಅಂತ ಕೇಳಿದ್ದೀರಿ. ಫ್ರಿಜ್ಜು ಬ್ಯಾಟರಿಗೆ ಹತ್ತಿರ ಇದ್ದರೆ ಅದಕ್ಕೆ ಸಾಕು. ಇನ್ವರ್ಟರ್‌ಗೆ ಮಾತ್ರ ದಯವಿಟ್ಟು ಹಾಕಬೇಡಿ, ಬೆಂಕಿ ಹತ್ತುತ್ತದೆ.

ಮನೆಯಲ್ಲಿ ಅದೇ ವೈರಿನ ಮೇಲೆ 2000 ವ್ಯಾಟ್ ಗೀಸರ್ ಆರಾಮಾಗಿ ಓಡುತ್ತದೆ ಅಲ್ವಾ, ಯಾಕೆಂದರೆ 230 ವೋಲ್ಟಿನಲ್ಲಿ ಅದು ಎಳೆಯೋದು 9 ಆಂಪಿಯರಿಗಿಂತ ಕಡಿಮೆ. ವ್ಯಾನಿನಲ್ಲಿ 1000ವನ್ನು 12ರಿಂದ ಭಾಗಿಸಿ, 83 ಬರುತ್ತದೆ. ಇನ್ವರ್ಟರ್ ತಾನೇ ತಿನ್ನೋದೂ ಸೇರಿದರೆ 90 ದಾಟುತ್ತದೆ. ನಾನು ಇದಕ್ಕೆ 35 ಸ್ಕ್ವೇರ್ ಎಂಎಂ ತಾಮ್ರದ ವೆಲ್ಡಿಂಗ್ ಕೇಬಲ್ ಎಳೆದು 125 ಆಂಪಿಯರ್ ಫ್ಯೂಸ್ ಹಾಕಿದ್ದೇನೆ, ಇನ್ವರ್ಟರನ್ನು ಬ್ಯಾಟರಿ ಪಕ್ಕದಲ್ಲೇ ಕೂರಿಸಿದ್ದೇನೆ. ಕೇಬಲ್ ಕೊಳ್ಳುವಾಗ ತುದಿ ಸ್ವಲ್ಪ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ಬೇಡ.

ಫ್ಯೂಸ್ ಕಾಯೋದು ವೈರನ್ನು. ಹಾಗಾಗಿ ಮೊದಲು ಕರೆಂಟ್ ಲೆಕ್ಕ ಹಾಕಿ, ಅದಕ್ಕೆ ವೈರು ಆರಿಸಿ, ಆಮೇಲೆ ಲೋಡಿಗಿಂತ ಕಾಲು ಭಾಗ ಜಾಸ್ತಿ, ಆದರೆ ಆ ವೈರು ತಡೆಯೋದಕ್ಕಿಂತ ಕಡಿಮೆ ಇರುವ ಫ್ಯೂಸ್ ತಗೊಳ್ಳಿ. ಫ್ಯೂಸ್ ಸುಟ್ಟಿತು ಅಂತ ದೊಡ್ಡದು ಹಾಕಿದರೆ ಮುಂದಿನ ಸಲ ಸುಡೋದು ವೈರೇ.

ಇನ್ನು ದೂರದ ವಿಷಯ. ನನ್ನ ಫ್ರಿಜ್ಜು ಬ್ಯಾಟರಿಯಿಂದ 5 ಮೀಟರ್ ದೂರದಲ್ಲಿದೆ, ಎಳೆಯೋದು ಬರೀ 5 ಆಂಪಿಯರ್. ಮೊದಲು 1.5ರ ವೈರು ಹಾಕಿದ್ದೆ. ಆಗ ಲೆಡ್ ಆ್ಯಸಿಡ್ ಬ್ಯಾಟರಿ ಇತ್ತು, ಅರ್ಧ ಚಾರ್ಜ್ ಇರುವಾಗಲೇ ರಾತ್ರಿ ಫ್ರಿಜ್ಜು ಲೋ ವೋಲ್ಟೇಜ್ ತೋರಿಸಿ ನಿಂತುಬಿಡೋದು. ಮೀಟರ್ ಹಿಡಿದು ನೋಡಿದರೆ ಬ್ಯಾಟರಿಯಲ್ಲಿ 12.2, ಫ್ರಿಜ್ಜಿನ ಪ್ಲಗ್ಗಿನಲ್ಲಿ 11.6. ಲೆಕ್ಕ ಸುಲಭ: 0.0175 ಅನ್ನು (ಇದು ತಾಮ್ರ ಕರೆಂಟಿಗೆ ಒಡ್ಡುವ ತಡೆಯ ಅಂಕಿ) ಹೋಗಿ ಬರುವ ಒಟ್ಟು ಉದ್ದದಿಂದಲೂ ಆಂಪಿಯರಿನಿಂದಲೂ ಗುಣಿಸಿ, ವೈರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿ. ನನ್ನದು 10 ಮೀಟರ್, ಹಾಗಾಗಿ ಸುಮಾರು 0.58 ವೋಲ್ಟ್ ದಾರಿಯಲ್ಲೇ ಹೋಗ್ತಿತ್ತು. 4ರ ವೈರು ಹಾಕಿದ ಮೇಲೆ 0.22ಕ್ಕೆ ಇಳಿಯಿತು, ಆ ತೊಂದರೆ ಮತ್ತೆ ಬರಲಿಲ್ಲ. 12 ವೋಲ್ಟಿಗೆ 0.36ರೊಳಗೆ, ಅಂದರೆ 3 ಪರ್ಸೆಂಟ್ ಒಳಗೆ ಇಟ್ಟುಕೊಳ್ಳಿ.

ಮುಖ್ಯ ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಲಿ. ಅದಕ್ಕೂ ಬ್ಯಾಟರಿಗೂ ನಡುವೆ ಇರುವ ವೈರಿಗೆ ಯಾವ ರಕ್ಷಣೆಯೂ ಇಲ್ಲ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಉಗುಳುತ್ತದೆ, ಅದನ್ನು ಕತ್ತರಿಸುವ ಶಕ್ತಿ ಕ್ಲಾಸ್ ಟಿ ಫ್ಯೂಸಿಗೆ ಇದೆ, ಸ್ವಲ್ಪ ದುಬಾರಿಯಾದರೂ ಅದನ್ನೇ ಹಾಕಿ. ಮನೆಯ ಎಸಿ ಕರೆಂಟಿಗೆ ಹಾಕುವ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಇಲ್ಲಿ ಬೇಡ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರೋದರಿಂದ ಸ್ವಿಚ್ಚು ಬೀಳುವಾಗ ಹುಟ್ಟುವ ಕಿಡಿ ಆರುತ್ತದೆ, ಬ್ಯಾಟರಿಯ ಡಿಸಿಯಲ್ಲಿ ಅದು ಹಾಗೇ ಉರಿಯುತ್ತಾ ಇರಬಹುದು.

ಲಗ್ಗುಗಳನ್ನು (ಬೋಲ್ಟಿಗೆ ಸಿಕ್ಕಿಸಲು ಕೇಬಲ್ ತುದಿಗೆ ಹಾಕುವ ಲೋಹದ ತುಂಡು) ಸುತ್ತಿಗೆಯಿಂದ ಬಡಿಯಬೇಡಿ, ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಎಲ್ಲ ಜೋಡಿಸಿದ ಮೇಲೆ ಇನ್ವರ್ಟರನ್ನು ಹತ್ತು ನಿಮಿಷ ಫುಲ್ ಲೋಡಿನಲ್ಲಿ ಓಡಿಸಿ, ಆಫ್ ಮಾಡಿ, ಒಂದೊಂದೇ ಜಾಯಿಂಟ್ ಹತ್ತಿರ ಕೈ ತಂದು ನೋಡಿ. ಬಿಸಿ ಇದ್ದ ಕಡೆ ಬಿಚ್ಚಿ ಮತ್ತೆ ಮಾಡಿ.