ಓದುಗರ ಪ್ರಶ್ನೆ: ಇಷ್ಟು ಸಿಟ್ಟಿದ್ದೂ ಜನ ಯಾಕೆ ಬೀದಿಗೆ ಬರುವುದಿಲ್ಲ?

ಪ್ರಶ್ನೆ: ಸರ್, ನಮ್ಮಪ್ಪ ಮೀನುಗಾರಿಕೆ ಬೋಟಿನಲ್ಲಿ ಕಲಾಸಿ, ಅಂದರೆ ಕೂಲಿ ಕೆಲಸಗಾರ. ಮೀನು ಪೇಟೆ, ಬಸ್ಸು, ಚಹಾದಂಗಡಿ, ಎಲ್ಲಿ ಹೋದರೂ ಬೆಲೆ ಏರಿಕೆಗೆ ಬೈಯುವವರೇ. ಗ್ಯಾಸ್, ದಿನಸಿ, ತಂಗಿಯ ಫೀಸು ಯಾವುದೂ ಕೈಗೆಟುಕುತ್ತಿಲ್ಲ. ಶ್ರೀಲಂಕಾದಲ್ಲಿ ಜನ ಅಧ್ಯಕ್ಷರ ಮನೆಗೇ ನುಗ್ಗಿದರು. ನಮ್ಮಲ್ಲಿ ಯಾರೂ ಯಾಕೆ ಏಳುವುದಿಲ್ಲ? ಮುಂದಾದರೂ ಏಳುತ್ತಾರಾ?
– ಒಬ್ಬ ಓದುಗ, ಕಾರವಾರ

ಉತ್ತರ: ಕಷ್ಟ ಜಾಸ್ತಿಯಾದರೆ ಜನ ತಾವಾಗಿಯೇ ಬೀದಿಗೆ ಬರುತ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ನನಗೆ ಹಾಗನಿಸುವುದಿಲ್ಲ. ತೀರಾ ಕಷ್ಟದಲ್ಲಿರುವವರಿಗೆ ಒಂದು ದಿನದ ದುಡಿಮೆ ಬಿಡುವುದೂ ಕಷ್ಟ. ನಿಮ್ಮ ಮನೆಯನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೋಟ್ ದಡದಲ್ಲೇ ಇರುತ್ತದೆ, ಆದರೆ ಸಾಲದ ವಾರದ ಕಂತು ನಿಲ್ಲುವುದಿಲ್ಲ. ಆಗಸ್ಟ್‌ನಲ್ಲಿ ಬೋಟ್ ಮತ್ತೆ ಕಡಲಿಗಿಳಿದಾಗ ನಿಮ್ಮಪ್ಪನಿಗೆ ಒಂದು ದಿನ ಕೆಲಸ ಬಿಟ್ಟು ಧರಣಿಗೆ ಬನ್ನಿ ಅಂದರೆ ಹೇಗೆ ಬರುತ್ತಾರೆ?

ಇನ್ನೊಂದು ವಿಷಯವಿದೆ, ನನಗೆ ಅದೇ ದೊಡ್ಡದು ಅನಿಸುತ್ತದೆ. ನಮ್ಮ ಕಷ್ಟ ಒಂದೊಂದು ಮನೆಗೆ ಒಂದೊಂದು ದಿನ ಬರುತ್ತದೆ. ಒಬ್ಬರಿಗೆ ಮಂಗಳವಾರದ ಕಂತು, ಇನ್ನೊಬ್ಬರಿಗೆ ಜೂನ್‌ನಲ್ಲಿ ಶಾಲೆ ಫೀಸು, ಶಿರಸಿ ಕಡೆಯವರಿಗೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ. ಕಂತು ಕಟ್ಟಲಾಗದವರು ಪಕ್ಕದ ಮನೆಗೂ ಬಾಯಿ ಬಿಡುವುದಿಲ್ಲ. ಬೇರೆ ಊರಿನ ಪೇಟೆಗೆ ಹೋಗಿ ಬಳೆ ಅಡವಿಟ್ಟು ಬರುತ್ತಾರೆ, ಗುರುತಿನವರು ಕಾಣಬಾರದು ಅಂತ. ಹೀಗಿರುವಾಗ ಬಸ್ಸಿನಲ್ಲಿ ಬೆಲೆಗೆ ಬೈಯುತ್ತಾರೆ, ತನ್ನ ಮನೆಯ ಮಾತು ಮಾತ್ರ ಆಡುವುದಿಲ್ಲ.

ಶ್ರೀಲಂಕಾದಲ್ಲಿ ಈ ಗುಟ್ಟು ಉಳಿಯಲಿಲ್ಲ. 2019ರಲ್ಲಿ ತೆರಿಗೆ ಕಡಿತ, ಆಮೇಲೆ ಕೋವಿಡ್‌ನಿಂದ ಪ್ರವಾಸೋದ್ಯಮ ಬಂದ್, 2021ರಲ್ಲಿ ರಾಸಾಯನಿಕ ಗೊಬ್ಬರದ ನಿಷೇಧದಿಂದ ಭತ್ತದ ಬೆಳೆ ಕುಸಿತ, 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾಗುವುದಿಲ್ಲ ಎಂಬ ಘೋಷಣೆ. ಪೆಟ್ರೋಲಿಗೆ, ಗ್ಯಾಸಿಗೆ ಗಂಟೆಗಟ್ಟಲೆ ಸಾಲು. ಡಾಕ್ಟರು, ಆಟೋದವರು, ಟೀಚರು ಎಲ್ಲರೂ ಒಂದೇ ಸಾಲಿನಲ್ಲಿ ನಿಂತರು. ನಿಂತಲ್ಲಿ ಮಾತು ಬಂದೇ ಬರುತ್ತದೆ, ಅಲ್ವಾ? ನೀವು ಟಿವಿಯಲ್ಲಿ ನೋಡಿದ್ದು 2022ರ ಜುಲೈ 9ರ ಚಿತ್ರ. ಆದರೆ ಮಾರ್ಚ್ 31ರ ರಾತ್ರಿಯೇ ಜನ ಅಧ್ಯಕ್ಷರ ಖಾಸಗಿ ಮನೆ ಮುಂದೆ ಸೇರಿದ್ದರು. ಏಪ್ರಿಲ್‌ನಿಂದ ಕೊಲಂಬೊದ ಗಾಲ್ ಫೇಸ್‌ನಲ್ಲಿ ಟೆಂಟ್ ಹಾಕಿ ಕೂತಿದ್ದರು. ಅಲ್ಲಿ ಅಡುಗೆ ನಡೆಯುತ್ತಿತ್ತು, ಔಷಧಿ ಸಿಗುತ್ತಿತ್ತು, ಪುಸ್ತಕಾಲಯವೂ ಇತ್ತು. ಅಧ್ಯಕ್ಷ ಗೊಟಬಯ ರಾಜಪಕ್ಸ ಜುಲೈ 14ರಂದು ರಾಜೀನಾಮೆ ಕೊಟ್ಟರು, ಅದೂ ದೇಶ ಬಿಟ್ಟು ಹೋದ ಮೇಲೆ. ಬರೀ ಸಿಟ್ಟಿನಿಂದ ಇಷ್ಟು ದಿನ ಕೂರಲು ಆಗುವುದಿಲ್ಲ, ಯಾರೋ ಅನ್ನ ಬೇಯಿಸಿ ಹಾಕಬೇಕು.

ನಮ್ಮ ರಾಜ್ಯದಲ್ಲೂ ಹೀಗೇ ಆಗಿದೆ. ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನ ರೈತರ ಮೇಲೆ ಸರ್ಕಾರ ಕರ ಹಾಕಿದಾಗ ಅದು ಎಲ್ಲರ ಮನೆ ಬಾಗಿಲಿಗೂ ಒಟ್ಟಿಗೇ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ರೈತ ಸಂಘ ಬೆಳೆದದ್ದು ಆ ಬಿಸಿಯಲ್ಲಿ. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಹೋಯಿತು, ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು.

ಇನ್ನೂ ಹತ್ತಿರದ್ದು ಬೇಕಾದರೆ ಅಂಕೋಲಾ. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ. ಜಗತ್ತಿನಲ್ಲೆಲ್ಲ ಬೆಳೆಗೆ ಬೆಲೆ ಬಿದ್ದಿದ್ದ ಕಾಲ ಅದು. ಕಂದಾಯ ಕೊಡದವರ ಜಮೀನು, ದನ, ಪಾತ್ರೆ ಎಲ್ಲ ಜಪ್ತಿಯಾದವು. ಸಿದ್ದಾಪುರ ಕಡೆ ಹರಾಜಿನ ಭೂಮಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ನನಗೆ ಮನಸ್ಸು ತುಂಬಿ ಬರುವುದು ಇಲ್ಲಿ. ಭೂಮಿ ಕಳೆದುಕೊಂಡ ಮನೆಯನ್ನು ಊರು ಒಂಟಿಯಾಗಿ ಬಿಡಲಿಲ್ಲ.

2020ರ ಜನವರಿಯಲ್ಲಿ ಕಾರವಾರದಲ್ಲಿ ಬಂದರು ವಿಸ್ತರಣೆ ವಿರುದ್ಧ ಮೀನುಗಾರರು ಎದ್ದದ್ದು ನಿಮಗೇ ನೆನಪಿರಬೇಕು. ಡೀಸೆಲ್ ದರಕ್ಕೆ ಹಾಗೆ ಏಳದವರು ಟ್ಯಾಗೋರ್ ಕಡಲತೀರ ಹೋಗುತ್ತದೆ ಅಂದಾಗ ಎದ್ದರು. ದೋಣಿ ಎಳೆಯುವ ಜಾಗ ಎಲ್ಲರದ್ದೂ ಆಗಿತ್ತು.

ಹಾಗಾಗಿ ಮುಂದೆ ಏಳುತ್ತಾರಾ ಅಂದರೆ, ಏಳುತ್ತಾರೆ. ಎಲ್ಲರಿಗೂ ಒಂದೇ ದಿನ ತಟ್ಟುವ ವಿಷಯ ಬಂದಾಗ. ಅಲ್ಲಿಯವರೆಗೆ ಸುಮ್ನೆ ಕಾಯಬೇಡಿ. ನಿಮ್ಮ ಕೇರಿಯ ನಾಲ್ಕು ಮನೆಯವರು ಕೂತು, ಯಾರಿಗೆ ಎಷ್ಟು ಸಾಲ, ಎಷ್ಟು ಬಡ್ಡಿ, ವಸೂಲಿಗೆ ಬರುವವರು ಹೇಗೆ ಮಾತಾಡುತ್ತಾರೆ ಅಂತ ನಾಚಿಕೆ ಬಿಟ್ಟು ಹೇಳಿಕೊಳ್ಳಿ. ಸಾಲ ವಸೂಲಿಯ ಕಿರುಕುಳದ ವಿರುದ್ಧ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು ಇಂಥ ಮನೆಗಳ ಗೋಳು ಹೊರಗೆ ಬಂದ ಮೇಲೆಯೇ.

ಪ್ರಶ್ನೆ: ನಾವು ಕಾಲೇಜಿನವರು ಬೆಲೆ ಏರಿಕೆ ವಿರುದ್ಧ ಒಂದು ದಿನ ಶಿರಸಿ ಬಂದ್ ಮಾಡಿಸೋಣ ಅಂದುಕೊಂಡಿದ್ದೇವೆ. ಸರಿಯಾ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಬೇಡಮ್ಮಾ. ಬಲವಂತದ ಬಂದ್ ಕಾನೂನಿಗೆ ವಿರುದ್ಧ ಅಂತ ಕೇರಳ ಹೈಕೋರ್ಟ್ 1997ರಲ್ಲೇ ಹೇಳಿದೆ, ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಅದಕ್ಕಿಂತ ಹೆಚ್ಚಾಗಿ, ಆ ದಿನ ಹಾಳಾಗುವುದು ಕರಾವಳಿಯಿಂದ ಘಟ್ಟ ಹತ್ತಿ ಬಂದ ಮೀನಿನ ಬುಟ್ಟಿ, ಸೊಪ್ಪು ಮಾರುವವಳ ವ್ಯಾಪಾರ. ಯಾರ ಪರ ನಿಲ್ಲಬೇಕು ಅಂದುಕೊಂಡಿದ್ದೀರೋ ಅವರ ಅನ್ನಕ್ಕೇ ಕಲ್ಲು ಬೀಳುತ್ತದೆ. ಸಂಜೆ, ಅಂಗಡಿ ಮುಚ್ಚಿದ ಮೇಲೆ ಸಭೆ ಇಡಿ, ಅವರೂ ಬರಲು ಆಗುತ್ತದೆ. ಶಾಂತವಾಗಿ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಪೊಲೀಸರಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಸಹಿ ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ನಿಷೇಧಾಜ್ಞೆ ಇದೆಯಾ ಅಂತಲೂ ಕೇಳಿ, ಹಿಂದಿನ 144ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಬೇಡಿಕೆ ಒಂದೇ ಇರಲಿ, ನಿಮ್ಮ ಊರಲ್ಲೇ ಒಬ್ಬ ಅಧಿಕಾರಿ ಉತ್ತರ ಕೊಡಬಹುದಾದಂಥದ್ದು. ಬಸ್ ಪಾಸ್, ಹಾಸ್ಟೆಲ್ ಊಟ, ವಿದ್ಯಾರ್ಥಿವೇತನ, ಇವುಗಳಲ್ಲಿ ನಿಮ್ಮ ಗೆಳತಿಯರಿಗೆ ಜಾಸ್ತಿ ತೊಂದರೆ ಯಾವುದರದ್ದು ಅಂತ ಮೊದಲು ಕೇಳಿಕೊಂಡು ಬನ್ನಿ.